ಪೇಟಿ ಸಂಗಪ್ಪ ನಕ್ಕ ಬೆಳಗು

ಬಬಲೇಶ್ವರದಲ್ಲಿ ಯಾರಾದರೂ ಸತ್ತರೆ ಮೊದಲು ಹೂವಿನವನಿಗೆ ಹೇಳಿಕಳಿಸುತ್ತಾರೆ, ಆಮೇಲೆ ಸಂಗಪ್ಪನಿಗೆ. ಹೆಣವನ್ನು ಗೋಡೆಗೆ ಆನಿಸಿ ಕೂಡ್ರಿಸಿ, ವಿಭೂತಿ ಹಚ್ಚಿ ಹಾರ ಹಾಕಿದ ಮೇಲೆ ಅದರ ಮುಂದೆ ಬೆಳಗಾಗುವವರೆಗೆ ಭಜನೆ ನಡೆಯಬೇಕು. ಅದು ನಮ್ಮ ಕಡೆಯ ರೀತಿ. ಹಾರ್ಮೋನಿಯಂಗೆ ನಾವು ಪೇಟಿ ಎನ್ನುತ್ತೇವೆ. ಪೇಟಿ ಬಾರಿಸುವವನು ಸಂಗಪ್ಪ, ತಬಲಾ ನನ್ನದು. ನನ್ನ ಹೆಸರು ಬೀರಣ್ಣ. ಹಗಲು ಟಂಟಂ ರಿಕ್ಷಾ ಓಡಿಸಿ ವಿಜಯಪುರಕ್ಕೆ ಮಂದಿಯನ್ನು ಒಯ್ಯುತ್ತೇನೆ, ತರುತ್ತೇನೆ. ನನಗೆ ಬಾಯಿ ಜಾಸ್ತಿ ಎಂದು ಹೆಂಡತಿಯೂ ಹೇಳುತ್ತಾಳೆ, ಟಂಟಂ ಹತ್ತಿದವರೂ ಹೇಳುತ್ತಾರೆ. ಇರಲಿ. ಸಂಗಪ್ಪನ ಕಥೆ ಹೇಳಲು ಬಾಯಿದ್ದವನೇ ಬೇಕು. ಅವನು ತಾನಾಗಿ ಹೇಳುವವನಲ್ಲ, ನಾನು ಹೇಳಲೇ ಎಂದು ಕೇಳಿದಾಗ ಬೇಡ ಎನ್ನಲೂ ಇಲ್ಲ.

ಅವನ ಹೊಟ್ಟೆಪಾಡು ಮೋಟಾರ್ ರಿಪೇರಿ. ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ. ಬೋರ್‌ವೆಲ್ಲಿನ ಸುಟ್ಟ ಮೋಟಾರ್ ಬಿಚ್ಚಿ, ಹಳೆಯ ತಂತಿ ತೆಗೆದು, ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಕೈ ಬಹಳ ಚೊಕ್ಕ. ಆದರೆ ಕೈ ನಡೆಯಬೇಕಲ್ಲ! ವರ್ಷದಲ್ಲಿ ಅರ್ಧದಷ್ಟು ದಿನ ಅವನು ತಂತಿಯ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಮುಖ ಜೋತುಬಿದ್ದಿರುತ್ತಿತ್ತು. ರೈತರು ಬಂದು ಬೈದರೂ ತಲೆ ಎತ್ತುತ್ತಿರಲಿಲ್ಲ. ನಸುಕಿನಲ್ಲೇ ಎಚ್ಚರವಾಗಿ, ಏಳಲು ಆಗದೆ, ಬಿಸಿಲು ಬರುವವರೆಗೆ ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಾನೆ ಎಂದು ಅವನ ಹೆಂಡತಿ ಸೌಭಾಗ್ಯ ಹೇಳುತ್ತಿದ್ದಳು. ಊಟ ಹೋಗುತ್ತಿರಲಿಲ್ಲ. ಸೋಮಾರಿ ಎಂದರು ಕೆಲವರು, ಯಾರೋ ಏನೋ ಮಾಡಿಸಿದ್ದಾರೆ ಎಂದರು ಕೆಲವರು. ನಾನೂ ಒಂದು ಹೆಸರು ಇಟ್ಟಿದ್ದೆ, ಅದು ಬೇಡ ಬಿಡಿ.

ಅಂಥವನು ಹೆಣದ ಮುಂದೆ ರಾತ್ರಿಯಿಡೀ ಭಜನೆ ಮಾಡಿ ಎದ್ದ ಬೆಳಿಗ್ಗೆ ಬೇರೆಯೇ ಮನುಷ್ಯನಾಗುತ್ತಿದ್ದ. ನಮಗೆಲ್ಲ ಕಣ್ಣು ಉರಿಯುತ್ತಿದ್ದರೆ ಅವನ ಕಣ್ಣು ಹೊಳೆಯುತ್ತಿತ್ತು. ಚಹ ಕುಡಿದು ಇನ್ನೊಂದು ಚಹ ಕೇಳುತ್ತಿದ್ದ. ಸತ್ತವರ ಮನೆಯವರು ಅಳುತ್ತಿರುವಾಗ ಅಂಗಳದಲ್ಲಿ ನಿಂತು ನನ್ನ ತಬಲಾ ಎಲ್ಲಿ ತಪ್ಪಿತು ಎಂದು ಕೈಯಾಡಿಸಿ ತೋರಿಸುತ್ತಿದ್ದ. ಮಣ್ಣು ಮುಗಿಸಿ ಬಂದವನೇ ಅಂಗಡಿ ತೆರೆದು, ವಾರದಿಂದ ಬಿದ್ದ ಮೋಟಾರುಗಳನ್ನು ಸಂಜೆಯೊಳಗೆ ಸುತ್ತಿ ಇಡುತ್ತಿದ್ದ. ರಾತ್ರಿ ಮಲಗಿ ಎದ್ದನೋ, ಮತ್ತೆ ಅದೇ ಜೋತ ಮುಖ.

ಊರು ಕುರುಡಲ್ಲ. "ಹೆಣಾ ಬಿದ್ರ ಸಂಗ್ಯಾನ ಮಾರಿ ಅರಳತೈತಿ ನೋಡ್ರಿ" ಎಂದು ಚಹದಂಗಡಿಯಲ್ಲಿ ಮಾತು ಹುಟ್ಟಿತು. ಅದು ಅವನ ಕಿವಿಗೂ ಬಿತ್ತು. ಅಂದಿನಿಂದ ಭಜನೆ ಮುಗಿದು ಬೆಳಕು ಹರಿಯುವ ಹೊತ್ತಿಗೆ ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳಲು ಶುರುಮಾಡಿದ. ಅಳುತ್ತಿದ್ದಾನೆ ಎಂದು ಸತ್ತವರ ಮನೆಯವರು ತಿಳಿಯುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ ಮಾತ್ರ ಗೊತ್ತು, ಟವೆಲ್ಲಿನ ಒಳಗೆ ಇದ್ದದ್ದು ನಗು, ಆ ನಗುವಿನ ಕೆಳಗೆ ಇದ್ದದ್ದು ನಾಚಿಕೆ.

ಹೋದ ಚಳಿಗಾಲದಲ್ಲಿ ಸೌಭಾಗ್ಯಳ ತಂದೆ ಗುರುಪಾದಪ್ಪ ತೀರಿಕೊಂಡ. ತಿಕೋಟಾದಲ್ಲಿ ಅವನಿಗೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡು. ಅಳಿಯನ ಪೇಟಿ ಎಂದರೆ ಮುದುಕನಿಗೆ ಪ್ರಾಣ. ಸತ್ತರೆ ಸಂಗಪ್ಪನೇ ಬಾರಿಸಬೇಕು ಎಂದು ಹೇಳಿ ಇಟ್ಟಿದ್ದ. ಹೀಗಾಗಿ ದುಃಖ ಮಾಡಬೇಕಾದ ಅಳಿಯ ಪೇಟಿ ಹಿಡಿದು ಮುಂದೆ ಕೂತ. ರಾತ್ರಿಯಿಡೀ ಅವನು ಹಾಡಿದ್ದು ಕೇಳಿ ಗಂಡಸರೂ ಕಣ್ಣು ಒರೆಸಿಕೊಂಡರು. ಬೆಳಗಾಯಿತು. ಶೆಡ್ಡಿನ ಹತ್ತಿರ ಎಲ್ಲರಿಗೂ ಚಹ ಕೊಡುತ್ತಿದ್ದರು. ನಾನು ನಿದ್ದೆಗಣ್ಣಿನಲ್ಲಿ ಸಕ್ಕರೆ ಡಬ್ಬಿ ಎಂದು ಒಣದ್ರಾಕ್ಷಿಗೆ ಹೊಡೆಯುವ ಪುಡಿಯ ಡಬ್ಬಿಗೆ ಚಮಚ ಹಾಕಿದೆ. ಸಂಗಪ್ಪ ಅದನ್ನು ನೋಡಿದ. ನಕ್ಕ. ನಗುವೆಂದರೆ ಸಣ್ಣದಲ್ಲ, ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿ, ಟವೆಲ್ಲು ಎಲ್ಲೋ ಬಿದ್ದು, ಅಂಗಳಕ್ಕೆಲ್ಲ ಕೇಳುವಂತೆ ನಕ್ಕ. ಆಚೆ ಹೆಂಗಸರು ಅಳುವುದನ್ನು ನಿಲ್ಲಿಸಿದರು.

ಸೌಭಾಗ್ಯ ಹೊರಗೆ ಬಂದಳು. ಕೂದಲು ಬಿಚ್ಚಿ ಹೋಗಿತ್ತು, ಅತ್ತು ಅತ್ತು ಕಣ್ಣು ಬಾತಿತ್ತು.

"ನಮ್ಮಪ್ಪ ಸತ್ತದ್ದು ನಿಮಗ ಇಷ್ಟ ಚಂದ ಆತೇನ್ರಿ?" ಎಂದಳು.

ಸಂಗಪ್ಪನ ಬಾಯಿ ಇನ್ನೂ ನಗುವಿನಲ್ಲೇ ಇತ್ತು. ಮುಚ್ಚಿಕೊಳ್ಳಲು ಹೋದ, ಆಗಲಿಲ್ಲ. ಮಣ್ಣಿಗೆ ಅವನು ಎಲ್ಲರಿಗಿಂತ ಹಿಂದೆ ನಡೆದು ಬಂದ. ಸೌಭಾಗ್ಯ ದಿನಕರ್ಮವೆಲ್ಲ ಮುಗಿದ ಮೇಲೂ ಬಬಲೇಶ್ವರಕ್ಕೆ ಬರಲಿಲ್ಲ. ಕರೆಯಲು ಹೋದವರಿಗೆ ಅವಳು ಹೇಳಿದ್ದು ಒಂದೇ ಮಾತು: "ಸಾವು ಕಂಡ್ರ ನಗಾಂವನ ಕೂಡ ನಾ ಹೆಂಗ ಬಾಳಿವಿ ಮಾಡಲಿ?"

ಆಮೇಲೆ ಸಂಗಪ್ಪ ಪೂರ್ತಿ ಕುಸಿದ. ಅಂಗಡಿಯ ಬಾಗಿಲು ಹಾಕಿದ್ದು ಹಾಕಿದಂತೆಯೇ ಇತ್ತು. ದಿನಕ್ಕೊಮ್ಮೆ ಸಂಜೆ ಮಾತ್ರ ಹೊರಗೆ ಬಂದು, ನಮ್ಮ ಓಣಿಯ ಮುರಿಗೆವ್ವನ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಮುರಿಗೆವ್ವ ಎಂದರೆ ಓಣಿಗೆಲ್ಲ ಆಯಿ, ಅಂದರೆ ಅಜ್ಜಿ. ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. "ಆಯಿ, ಹೆಂಗದೀ ಬೇ?" ಎಂದು ಕೇಳುತ್ತಿದ್ದ, ಉತ್ತರ ಕೇಳಿ ಮನೆಗೆ ಹೋಗುತ್ತಿದ್ದ. ಇಂಥ ಸ್ಥಿತಿಯಲ್ಲೂ ಇನ್ನೊಬ್ಬರ ಕಾಳಜಿ ಮಾಡುತ್ತಾನಲ್ಲ ಎಂದು ನನಗೆ ಅವನ ಮೇಲೆ ಗೌರವ ಬಂತು. ಗೌರವ! ನನಗೆ ಮನುಷ್ಯರ ಪರೀಕ್ಷೆ ಎಷ್ಟು ಗೊತ್ತು ಎಂಬುದಕ್ಕೆ ಇದೇ ಸಾಕ್ಷಿ.

ಒಂದು ದಿನ ಅವನು ಬಾವಿಯ ಕಟ್ಟೆಯ ಮೇಲೆ ಕೂತದ್ದನ್ನು ನೋಡಿದೆ. ಕೂತ ರೀತಿ ನನಗೆ ಸರಿ ಕಾಣಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ, ಟಂಟಂನಲ್ಲಿ ಹಾಕಿಕೊಂಡು, ಸೀದಾ ವಿಜಯಪುರದ ಒಂದು ಆಸ್ಪತ್ರೆಗೆ ಒಯ್ದೆ. ದಾರಿಯುದ್ದಕ್ಕೂ ಬೈದೆ.

ಅಲ್ಲಿ ಮನೋರೋಗದ ಡಾಕ್ಟರು ಸುಮಯ್ಯಾ ಎಂಬ ಹೆಣ್ಣುಮಗಳು. ನಮ್ಮ ಭಾಷೆಯಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ. ನಿದ್ದೆ, ಊಟ, ಸಾಯಬೇಕೆನ್ನುವ ವಿಚಾರ, ಎಲ್ಲ ಕೇಳಿದರು. ಇದು ಸೋಮಾರಿತನವಲ್ಲ, ಮಾಟವಲ್ಲ, ಖಿನ್ನತೆ ಎಂಬ ಕಾಯಿಲೆ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ನಡುವ ಯಾವಾಗರ ಒಂದಿನಾ ಪೂರಾ ಆರಾಮ ಅನಸ್ತೇನ್ರಿ?"

ಸಂಗಪ್ಪ ನೆಲ ನೋಡಿದ. ಕಿವಿ ಕೆಂಪಾಯಿತು. ನನಗೆ ತಡೆಯಲಾಗಲಿಲ್ಲ.

"ಹೆಣದ ಮುಂದ ಭಜನಿ ಮಾಡಿದ ಮರದಿನ ಇಂವಾ ಭಾಳ ಖುಷಿ ಇರ್ತಾನ್ರಿ ಮೇಡಂ" ಎಂದುಬಿಟ್ಟೆ.

ಸಂಗಪ್ಪ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಡುಬಜಾರಿನಲ್ಲಿ ಅವನ ಧೋತರ ಎಳೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆದರೆ ಡಾಕ್ಟರು ಮುಖ ಸಿಂಡರಿಸಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಅವತ್ತ ರಾತ್ರಿ ಒಂದ ಗಳಿಗಿನೂ ಮಲಗೂದಿಲ್ಲೇನ್ರಿ?"

"ಇಲ್ರಿ. ಪೇಟಿ ನಿಲ್ಲಸಾಕ ಬರಂಗಿಲ್ಲ" ಎಂದ ಸಂಗಪ್ಪ, ನೆಲಕ್ಕೇ ಹೇಳಿದಂತೆ.

"ಮರದಿನ ರಾತ್ರಿ ಮಲಗಿ ಎದ್ದ ಮ್ಯಾಲ?"

"ಮತ್ತ ಮೊದಲಿನಂಗ."

"ಹಂಗಾರ ಕೇಳ್ರಿ. ನಿಮಗ ಆರಾಮ ಮಾಡಿದ್ದು ಸಾವಲ್ಲ. ಎಚ್ಚರ ಇದ್ದದ್ದು."

ಖಿನ್ನತೆಯ ರೋಗಿಯನ್ನು ಬೇಕೆಂದೇ ರಾತ್ರಿಯಿಡೀ ಮಲಗಗೊಡದೆ ಇಡುವ ಚಿಕಿತ್ಸೆಯೊಂದು ಇದೆಯಂತೆ. ಬಹಳ ಮಂದಿಗೆ ಮರುದಿನವೇ ಮನಸ್ಸು ಎದ್ದು ಕೂಡುತ್ತದಂತೆ. ಹೇಗೆ ಎಂದು ನಾನು ಕೇಳಿದೆ. ತಂತಿ ಸುತ್ತುವವನಿಗೆ ಒಳಗಿನ ತಂತಿ ಹೇಗೆ ಎಂದು ಗೊತ್ತಾಗಬೇಡವೇ?

"ನಿದ್ದಿ ಅಂದ್ರ ಬರೇ ಕಣ್ಣ ಮುಚ್ಚೂದಲ್ರಿ" ಎಂದರು ಡಾಕ್ಟರು. "ಮೈಯಾಗ ಹಾರ್ಮೋನು ಅಂತ ಇರ್ತಾವ, ರಕ್ತದಾಗ ಹರದಾಡತಾವ, ಇಂಥಾ ಹೊತ್ತಿಗೆ ಇಂಥಾದ್ದ ಮಾಡು ಅಂತ ಮೈಗೆ ಹೇಳತಾವ. ಪ್ರೊಲ್ಯಾಕ್ಟಿನ್ ಅಂತ ಒಂದೈತಿ, ಅದು ನಿದ್ದಿ ಹತ್ತಿದ ಮ್ಯಾಲ ಏರೂದು. ಎದ್ದ ಕುಂತ್ರ ಏರೂದಿಲ್ಲ. ಗಂಟಲದಾಗ ಥೈರಾಯ್ಡ್ ಗ್ರಂಥಿ ಐತಲ್ಲ, ಅದನ್ನ ಎಬ್ಬಸೂ ಹಾರ್ಮೋನು ಇನ್ನೊಂದು. ಅದು ರಾತ್ರಿ ಏರಾಕ ನೋಡತೈತಿ, ನಿದ್ದಿ ಅದನ್ನ ಹಿಡದು ಕೆಳಗ ಕುಂದರಸತೈತಿ. ಮನಷ್ಯಾ ಎಚ್ಚರ ಇದ್ದಾಂದ್ರ ಹಿಡಿಯಾವ್ರಿಲ್ಲ, ಮ್ಯಾಲ ಹೋಗತೈತಿ. ಕಾರ್ಟಿಸಾಲ್ ಅಂತ ಮತ್ತೊಂದು, ನಸುಕಿನ್ಯಾಗ ಏರೂದು. ಖಿನ್ನತಿ ಇದ್ದವ್ರಿಗೆ ಅದರ ತಾಳ ತಪ್ಪಿರತೈತಿ."

"ಹಂಗಾರ ಇವುರಿಂದನ ಮನಸ ಹಗುರ ಆಗತೈತೇನ್ರಿ?" ಎಂದೆ ನಾನು.

"ಇವು ಬದಲಾಗಿದ್ದಕ್ಕ ಮನಸ ಹಗುರ ಆಗತೈತೋ, ಎರಡೂ ಜೋಡೀಲೆ ನಡೀತಾವೋ, ನಮಗೂ ಪೂರಾ ಗೊತ್ತಿಲ್ರಿ."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು. ನನಗೆ ನಂಬಿಕೆ ಬಂತು. ಸಂಗಪ್ಪನಿಗೆ ಬರಲಿಲ್ಲ. ಅವನು ತಲೆ ಎತ್ತಿ, ಡಾಕ್ಟರ ಮುಖವನ್ನಲ್ಲ, ಅವರ ಹಿಂದಿನ ಗೋಡೆಯನ್ನು ನೋಡುತ್ತಾ ಹೇಳಿದ:

"ಬರೇ ನಕ್ಕಿದ್ದಲ್ರಿ ಮೇಡಂ. ನಾ ಕಾಯಾಕತ್ತಿದ್ದೆ. ಯಾರರ ಸಾಯಲಿ, ನನಗ ಒಂದಿನಾ ಹಗುರ ಆಗಲಿ ಅಂತ. ನಮ್ಮ ಓಣ್ಯಾಗ ಒಬ್ಬಾಕಿ ಆಯಿ ಅದಾಳ. ದಿನಾ ಆಕಿ ಬಾಗಲಕ್ಕ ಹೋಗಿ ಹೆಂಗದೀ ಅಂತ ಕೇಳ್ತೇನಿ. ಗಂಜಿ ಕುಡದೇನಿ ಅಂದ್ರ ನನ್ನ ಮಾರಿ ಇಳೀತೈತಿ. ನಾ ಮನಷ್ಯಾ ಏನ್ರಿ?"

ನನ್ನ ಗೌರವ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವನ ಮೇಲೆ ಅಸಹ್ಯ ಬಂತು, ಅಸಹ್ಯ ಬಂದದ್ದಕ್ಕೆ ನನ್ನ ಮೇಲೆ ಸಿಟ್ಟು ಬಂತು. ಡಾಕ್ಟರು ಮೆಲ್ಲಗೆ ಎಂದರು: "ಉಸರ ಕಟ್ಟಿದಾಂವ ಕಿಡಕಿ ಹುಡಕತಾನ್ರಿ. ನೀವು ತಪ್ಪ ಕಿಡಕಿ ನೋಡಿದ್ರಿ. ಹೆಣಾ ಇಲ್ದ ಒಂದ ರಾತ್ರಿ ಎಚ್ಚರ ಇದ್ದ ನೋಡ್ರಿ, ಆಮ್ಯಾಲ ಮಾತಾಡೂಣು."

ಹೀಗೆ ಸಂಗಪ್ಪ ಆಸ್ಪತ್ರೆ ಸೇರಿದ. ಸಂಜೆ ರಕ್ತ ತೆಗೆದರು, ನಡುರಾತ್ರಿ ತೆಗೆದರು, ನಸುಕಿನಲ್ಲಿ ಮತ್ತೆ ತೆಗೆದರು. ಅವನನ್ನು ಎಚ್ಚರ ಇಡುವ ಕೆಲಸ ನನ್ನದು, ನರ್ಸಮ್ಮನದು. ಪೇಟಿ ಇರಲಿಲ್ಲ. ಮಂಚದ ಕಬ್ಬಿಣದ ಪಟ್ಟಿಯ ಮೇಲೆ ನಾನು ಬೆರಳಾಡಿಸಿದರೆ ಪಕ್ಕದ ರೋಗಿ ಬೈದ. ಹಾಲ್‌ನಲ್ಲಿ ಅತ್ತಿಂದಿತ್ತ ನಡೆದೆವು. ನಡೆಯುವಾಗ ಅವನು ಒಂದು ಮಾತು ಹೇಳಿದ: "ಬೀರಣ್ಣಾ, ನಾಳೆ ಹಗುರ ಆಗಲಿಲ್ಲಂದ್ರ ಏನರ್ಥ? ನನಗ ಹೆಣಾನ ಬೇಕಂತ ಆತಲ್ಲ." ಅವನಿಗೆ ಆ ರಾತ್ರಿ ಕಾಯಿಲೆಯ ಚಿಂತೆ ಇರಲೇ ಇಲ್ಲ. ತಾನು ರಣಹದ್ದೋ ಮನುಷ್ಯನೋ ಎಂಬುದಷ್ಟೇ ಚಿಂತೆ.

ಎಚ್ಚರ ಇಡಬೇಕಾದ ನಾನು ನಸುಕಿನಲ್ಲಿ ಬೆಂಚಿನ ಮೇಲೆ ಮಲಗಿಬಿಟ್ಟೆ. ನಗೆಯ ಸದ್ದಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು. ಸಂಗಪ್ಪ ನನ್ನ ಎದುರಿಗೆ ಕೂತು ನನ್ನ ಗೊರಕೆಗೆ ತೊಡೆಯ ಮೇಲೆ ತಾಳ ಹಾಕುತ್ತಾ ನಗುತ್ತಿದ್ದ. "ಎದ್ದೇನಪಾ? ಮಲಗಿದಾಗ ನಿನ್ನ ಲಯ ತಪ್ಪಂಗಿಲ್ಲ ನೋಡು. ಚಾ ತರಸು, ಹೊಟ್ಟಿ ಹಸದೈತಿ" ಎಂದ. ಅಷ್ಟು ಹೇಳಿದವನೇ ಏನೋ ನೆನಪಾಗಿ ಗಕ್ಕನೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಒಳಗಿನಿಂದ ಸಣ್ಣ ದನಿ ಬಂತು:

"ಬೀರಣ್ಣಾ, ಯಾರರ ಸತ್ತಾರೇನು?"

"ಯಾರೂ ಸತ್ತಿಲ್ಲೋ ಮಾರಾಯಾ."

"ಕೇಳಿ ಬಾ."

ಹೋಗಿ ಕೇಳಿದೆ. ಒಂದೊಂದು ವಾರ್ಡಿಗೂ ಹೋಗಿ, ರಾತ್ರಿ ಯಾರಾದರೂ ಹೋದರೇನ್ರಿ ಎಂದು ಕೇಳಿದೆ. ಒಬ್ಬ ನರ್ಸು ನನ್ನನ್ನು ಹೆಣದ ಗಾಡಿಯ ಏಜೆಂಟ್ ಎಂದು ತಿಳಿದು ಬಾಯಿಗೆ ಬಂದಂತೆ ಬೈದಳು. ಬಬಲೇಶ್ವರಕ್ಕೂ ಫೋನ್ ಹಚ್ಚಿದೆ. ಮುರಿಗೆವ್ವ ಚಹಕ್ಕೆ ಸಕ್ಕರೆ ಕಡಿಮೆ ಎಂದು ಸೊಸೆಯ ಜೊತೆ ಜಗಳಾಡುತ್ತಿದ್ದಾಳೆ ಎಂಬ ಸುದ್ದಿ ಬಂತು. ಬಂದು ಹೇಳಿದೆ: ಯಾರೂ ಸತ್ತಿಲ್ಲ. ಸಂಗಪ್ಪ ಟವೆಲ್ಲು ತೆಗೆದ. ನಗುತ್ತಲೇ ಇದ್ದ, ಕಣ್ಣೀರೂ ಸುರಿಯುತ್ತಿತ್ತು.

ಮಧ್ಯಾಹ್ನ ಮಲಗಗೊಡಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ಒಂದು ಸಣ್ಣ ಮಂಪರು ಸಾಕಂತೆ, ಏರಿದ್ದು ಇಳಿದುಬಿಡುತ್ತದಂತೆ. ಅಲ್ಲೇ ವಿಜಯಪುರದ ಜೋರಾಪುರ ಪೇಟೆಯಲ್ಲಿ ನನ್ನ ಅಕ್ಕನ ಮನೆ ಇದೆ. ಆಸ್ಪತ್ರೆಯವರನ್ನು ಕೇಳಿ ಅವನನ್ನು ಅಲ್ಲಿಗೆ ಕರೆದೊಯ್ದು, ಕಟ್ಟೆಯ ಮೇಲೆ ಕೂಡ್ರಿಸಿ, ನನಗೆ ಅತ್ತಿಗೆಯಂತಿರುವ ಸೌಭಾಗ್ಯಳಿಗೆ ಫೋನ್ ಮಾಡಿದೆ. "ವೈನಿ, ಒಮ್ಮಿ ಬಂದು ಅವನ ಮಾರಿ ನೋಡ್ರಿ, ಇಲ್ಲಿ ಯಾರೂ ಸತ್ತಿಲ್ಲ" ಎಂದೆ.

ಅವಳು ತಿಕೋಟಾದ ಬಸ್ಸು ಹತ್ತಿ ಬಂದಳು. ಸಂಗಪ್ಪನ ಮುಖ ನೋಡಿದಳು. ಅವತ್ತು ಶೆಡ್ಡಿನ ಹತ್ತಿರ ನೋಡಿದ ಅದೇ ಮುಖ. ನಾನು ಥೈರಾಯ್ಡು, ಪ್ರೊಲ್ಯಾಕ್ಟಿನ್ನು ಎಂದು ಗೊತ್ತಿದ್ದಷ್ಟು, ಗೊತ್ತಿಲ್ಲದಷ್ಟು ಎಲ್ಲ ಹೇಳಿದೆ. ರಾತ್ರಿ ಏರಬೇಕಾದದ್ದು ಏರಿದೆ ಎಂದು ರಕ್ತದ ಪರೀಕ್ಷೆಯಲ್ಲಿ ಬಂದಿತ್ತು, ಅದನ್ನೂ ಹೇಳಿದೆ. ಅವಳ ಮುಖ ಸಡಿಲಾಯಿತು. ಅಲ್ಲಿಗೇ ಬಿಟ್ಟಿದ್ದರೆ ಅವಳು ಅವತ್ತೇ ಮನೆಗೆ ಬರುತ್ತಿದ್ದಳು. ಆದರೆ ಹಗುರಾದ ಮನುಷ್ಯನ ಬಾಯಿಗೆ ಬೀಗ ಎಲ್ಲಿದೆ? ಸಂಗಪ್ಪ ಮುರಿಗೆವ್ವನ ಬಾಗಿಲಿನ ಸಂಗತಿಯನ್ನೂ ಹೇಳಿಬಿಟ್ಟ.

ಸೌಭಾಗ್ಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಮ್ಮಪ್ಪ ಹಾಸಗಿ ಹಿಡದಾಗ ನೀವು ದಿನಾ ಫೋನ್ ಮಾಡಿ ಹೆಂಗದಾರ ಅಂತ ಕೇಳತಿದ್ರಿ. ಅದೂ ಇದಕ್ಕೇನ್ರಿ?"

ಸಂಗಪ್ಪನ ನಗು ಆರಿತು. ಇಲ್ಲ ಎಂದು ಒಂದು ಸುಳ್ಳು ಹೇಳಬಾರದೇ ಎಂದು ನಾನು ಮನಸ್ಸಿನಲ್ಲಿ ಕೈ ಮುಗಿದೆ.

"ಗೊತ್ತಿಲ್ಲ ಸೌಭಾಗ್ಯಾ" ಎಂದ. "ಇರಬೇಕು."

ಅವಳು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಸ್ಟ್ಯಾಂಡಿಗೆ ನಡೆದುಹೋದಳು.

ಚಿಕಿತ್ಸೆ ನಿಲ್ಲಲಿಲ್ಲ. ಒಂದು ರಾತ್ರಿ ಎಚ್ಚರ, ಒಂದು ರಾತ್ರಿ ನಿದ್ದೆ, ಹೀಗೆ ಕೆಲವು ಸಲ ಮಾಡಿದರು. ಜೊತೆಗೆ ಗುಳಿಗೆ, ಬೆಳಿಗ್ಗೆ ಬಿಸಿಲಿನಲ್ಲಿ ಕೂಡುವುದು, ಹೊತ್ತಿಗೆ ಸರಿಯಾಗಿ ಮಲಗುವುದು. ಬರೇ ಎಚ್ಚರ ಇದ್ದರೆ ನಿಲ್ಲುವುದಿಲ್ಲ, ಬಂದದ್ದನ್ನು ಹಿಡಿದಿಡಲು ಔಷಧ ಬೇಕು ಎಂದು ಡಾಕ್ಟರು ಹೇಳಿದ್ದರು. ಇನ್ನು ಮುಂದೆ ರಾತ್ರಿಯ ಭಜನೆ ಬಂದ್, ಅವರನ್ನು ಕೇಳದೆ ನಿದ್ದೆಗೆಡುವಂತಿಲ್ಲ ಎಂದೂ ಹೇಳಿದರು. ಊರಿಗೆ ಬಂದು ಸಂಗಪ್ಪ ಅಂಗಡಿ ತೆರೆದ. ತಂತಿ ಸುತ್ತಿದ. ಮುಖ ಜೋತಿರಲಿಲ್ಲ. ಆದರೆ ಸಂಜೆ ಮುರಿಗೆವ್ವನ ಬಾಗಿಲ ಮುಂದೆ ಹಾಯುವುದನ್ನು ತಪ್ಪಿಸಲು ಊರು ಸುತ್ತಿ ಮನೆಗೆ ಹೋಗುತ್ತಿದ್ದ. ಕಾಯಿಲೆ ಇಳಿದ ಮೇಲೆ ನಾಚಿಕೆಗೆ ಜಾಗ ಜಾಸ್ತಿಯಾಯಿತು. ಮೊದಲು ಕತ್ತಲಲ್ಲಿ ಕಂಡಿದ್ದನ್ನು ಈಗ ಹಗಲಲ್ಲಿ ನೋಡಬೇಕಾಗಿತ್ತು.

ಅಷ್ಟರಲ್ಲಿ ಸೌಭಾಗ್ಯಳ ಫೋನ್ ನನಗೆ ಬಂತು. ಅವಳು ತನ್ನ ಹೊಲಿಗೆ ಯಂತ್ರ ಒಯ್ಯಲು ಬರುತ್ತಾಳಂತೆ, ಟಂಟಂ ಬೇಕಂತೆ. ಹೊಲಿಗೆ ಯಂತ್ರ ಹೋಯಿತೆಂದರೆ ಅವಳು ಹೋದಂತೆಯೇ ಎಂದು ನನಗೂ ಗೊತ್ತು, ಸಂಗಪ್ಪನಿಗೂ ಗೊತ್ತು. ಅವಳು ಬರುವ ದಿನ ಅವನು ಅಂಗಡಿಗೆ ಹೋಗಲಿಲ್ಲ. ಸ್ನಾನ ಮಾಡಿ, ಪೇಟಿಯನ್ನು ಹೆಗಲ ಮೇಲೆ ಇಟ್ಟುಕೊಂಡು, ಹಾಡುಹಗಲು ಓಣಿಯ ನಡುವೆ ಹೊರಟ.

"ಎಲ್ಲಿಗೋ?" ಎಂದೆ.

"ಆಕಿ ಸತ್ತ ಮ್ಯಾಲ ಬಾರಸಬೇಕಂತ ಕಾದಿದ್ದೆ. ಇದ್ದಾಗ ಬಾರಿಸಿ, ಹೇಳಿ ಬರ್ತೇನಿ."

ವಿಚಾರ ಒಳ್ಳೆಯದೇ. ಆದರೆ ನಮ್ಮೂರಿನಲ್ಲಿ ಸಂಗಪ್ಪನ ಪೇಟಿ ಹಾಸಿಗೆ ಹಿಡಿದವರ ಮನೆಯ ಕಡೆ ಹೊರಟಿತೆಂದರೆ ಅದಕ್ಕೆ ಒಂದೇ ಅರ್ಥ. ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವನು ಮುರಿಗೆವ್ವನ ಬಾಗಿಲು ಮುಟ್ಟುವುದರೊಳಗೆ ಎದುರು ಮನೆಯಾಕೆ "ಅಯ್ಯಯ್ಯ, ಆಯಿ ಹ್ವಾದಳ್ರೋ" ಎಂದು ಎದೆ ಬಡಿದುಕೊಂಡಳು. ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ಅಳು ಹತ್ತಿತು. ಕಿರಾಣಿ ಅಂಗಡಿಯವನು ಅರ್ಧ ಷಟರ್ ಎಳೆದ. ಯಾರೋ ಹೂವಿನವನಿಗೆ ಫೋನ್ ಮಾಡಿ ದೊಡ್ಡ ಹಾರ ಹೇಳಿದರು. ಹೊಲದಲ್ಲಿದ್ದ ಮುರಿಗೆವ್ವನ ಮಗ ಬೈಕ್ ಹತ್ತಿ ಅಳುತ್ತ ಬಂದ. ಮಂದಿ ನೆರೆದರು. ನಡುವೆ ಸಂಗಪ್ಪ ಹೆಗಲ ಮೇಲೆ ಪೇಟಿ ಹೊತ್ತು, ಮುಂದೆ ಹೋಗಲಾರದೆ ಹಿಂದೆ ಬರಲಾರದೆ ನಿಂತಿದ್ದ.

ಅದೇ ಹೊತ್ತಿಗೆ ಸೌಭಾಗ್ಯ ಬಸ್ಸಿಳಿದು ಬಂದಳು. ಅಳು ಕೇಳಿದಳು, ಪೇಟಿ ನೋಡಿದಳು. ಮಂದಿಯನ್ನು ಸರಿಸಿ ಅವನ ಎದುರಿಗೆ ಬಂದು ನಿಂತಳು.

"ಕಡೀಕೂ ಸತ್ತಳೇನ್ರಿ ಆಯಿ? ಆತೇನು ನಿಮಗ ಸಮಾಧಾನ?"

ಆಗ ಒಳಗಿನಿಂದ ದನಿ ಬಂತು.

"ಯಾಂವ ಸತ್ತಾನ ಬೇ ಹೊರಗ? ನನಗ ಯಾರೂ ಹೇಳಾಂಗಿಲ್ಲೇನು?"

ಅಳು ಕತ್ತರಿಸಿದಂತೆ ನಿಂತಿತು. ಬಾಗಿಲಿನೊಳಗೆ, ಹಾಸಿಗೆಯ ಮೇಲೆ ಮುರಿಗೆವ್ವ ಗೋಡೆ ಹಿಡಿದು ಎದ್ದು ಕೂತಿದ್ದಳು. ಮೊದಲು ನಕ್ಕವನು ನಾನೇ, ಬಚ್ಚಿಡುವುದೇನು. ಉಳಿದವರು ನಗಬೇಕೋ ಬೈಯಬೇಕೋ ತಿಳಿಯದೆ ಸಂಗಪ್ಪನ ಕಡೆ ತಿರುಗಿದರು. "ಇದ್ದಾಕಿ ಮನಿಗೆ ಪೇಟಿ ಯಾಕ ತಂದಿಯೋ?" ಎಂದು ಮಗ ಕೊರಳಪಟ್ಟಿಗೆ ಕೈ ಹಾಕಿದ.

ಸಂಗಪ್ಪನ ಮುಖ ಕಪ್ಪಿಟ್ಟಿತು. ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಅವನು ಮಗನ ಕೈ ಬಿಡಿಸಿಕೊಂಡು, ಪೇಟಿ ಇಳಿಸಿ, ಒಳಗೆ ಹೋಗಿ, ಹಾಸಿಗೆಯ ಹತ್ತಿರ ಮೊಣಕಾಲೂರಿ ಕೂತ. ಅಷ್ಟೂ ಮಂದಿಯ ಎದುರು, ಹೆಂಡತಿಯ ಎದುರು ಹೇಳಿದ.

"ಆಯಿ, ನಾ ದಿನಾ ಬರತಿದ್ದದ್ದು ನೀ ಸತ್ತೀಯೇನು ಅಂತ ನೋಡಾಕ. ನೀ ಸತ್ರ ರಾತ್ರಿ ಭಜನಿ ಆಗತೈತಿ, ಮರದಿನ ನನ್ನ ಎದಿ ಹಗುರ ಆಗತೈತಿ ಅಂತ ಕಾದಿದ್ದೆ. ಅದು ಜಡ್ಡು ಅಂತ ಡಾಕ್ಟರ್ ಹೇಳ್ಯಾರ. ಕಾದಾಂವ ಮಾತ್ರ ನಾನ. ತಪ್ಪಾತು."

ಹಿಂದೆಯೇ ಒಳಗೆ ಬಂದಿದ್ದ ಮಗ ಎತ್ತಿದ ಕೈ ಇಳಿಸಿದ. ಮುರಿಗೆವ್ವ ಅವನ ಮುಖ ನೋಡಿದಳು.

"ಗೊತ್ತಿತ್ತೋ ತಮ್ಮಾ" ಎಂದಳು. "ಗಂಜಿ ಕುಡದೇನಿ ಅಂದ್ರ ನಿನ್ನ ಮಾರಿ ಬಾಡತಿತ್ತು. ನನ್ನ ಕಣ್ಣ ಕಾಣತಾವ."

"ಗೊತ್ತಿದ್ದೂ ಯಾಕ ಬಾಗಲಾ ಹಾಕಸಲಿಲ್ಲ ಆಯಿ?"

"ಮನಿತುಂಬ ಮಂದಿ ಅದಾರ. ಔಷಧ ಕೊಡತಾರ, ಗಂಜಿ ಕೊಡತಾರ. ಹೆಂಗದೀ ಬೇ ಅಂತ ಕೇಳಾಂವ ನೀ ಒಬ್ಬನ ಇದ್ದಿ. ಯಾತಕ್ಕರ ಕೇಳಲಿ, ಕೇಳತಿದ್ದಿ. ಈಗ ಬರೂದು ಬಿಟ್ಟಿ, ಸಂಜಿ ಹೋಗಂಗಿಲ್ಲ ನೋಡು ನನಗ."

ಮಗ ತಲೆ ತಗ್ಗಿಸಿ ಹೊರಗೆ ಹೋದ. ಓಣಿಯವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ನಾನೂ ಆ ಓಣಿಯವನೇ, ಒಂದು ದಿನವೂ ಆ ಬಾಗಿಲಲ್ಲಿ ನಿಂತು ಕೇಳಿದವನಲ್ಲ. ಆ ಹೊತ್ತು ಅಲ್ಲಿ ನಾಚಿಕೆ ಎಲ್ಲರಿಗೂ ಸಾಕಾಗುವಷ್ಟಿತ್ತು.

"ತಂದೀಯಲ್ಲ, ಬಾರಸು" ಎಂದಳು ಮುರಿಗೆವ್ವ. "ಸತ್ತ ಮ್ಯಾಲ ನನಗೇನ ಕೇಳತೈತಿ?"

ಸಂಗಪ್ಪ ಬಾರಿಸಿದ. ನಾನು ಒಂದು ಕೊಡವನ್ನು ಬೋರಲು ಹಾಕಿ ತಾಳ ಹಿಡಿದೆ. ಹೇಳಿದ ಹಾರ ಬಂತು, ತಂದವನು ಯಾರಿಗೆ ಹಾಕಬೇಕು ಎಂದು ತಿಳಿಯದೆ ನಿಂತ. ಮುರಿಗೆವ್ವ ಅದನ್ನು ಇಸಿದುಕೊಂಡು ಪೇಟಿಗೆ ಹಾಕಿಸಿದಳು. ಸೌಭಾಗ್ಯ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ಹಾಡು ಮುಗಿದಾಗ ಹೊತ್ತು ಇಳಿದಿತ್ತು. ಹೊರಗೆ ನನ್ನ ಟಂಟಂ ಹೊಲಿಗೆ ಯಂತ್ರ ಹೇರಿಕೊಳ್ಳಲು ನಿಂತೇ ಇತ್ತು.

"ಹೇರೂಣೇನ್ರಿ ವೈನಿ?" ಎಂದು ಕೇಳಿದೆ. ಕೇಳುವುದು ನನ್ನ ಕೆಲಸ.

ಅವಳು ಸಂಗಪ್ಪನ ಕಡೆ ನೋಡಿ, ಎಷ್ಟೋ ದಿನದಿಂದ ಗಂಟಲಲ್ಲಿ ಇದ್ದದ್ದನ್ನು ಹೇಳಿದಂತೆ ಹೇಳಿದಳು:

"ನಮ್ಮಪ್ಪನೂ ಸಂಜಿ ಆತಂದ್ರ ಕೇಳತಿದ್ದಾ. ಸಂಗಪ್ಪನ ಫೋನ್ ಬಂತೇನವಾ ಅಂತ."

ಸಂಗಪ್ಪ ಟವೆಲ್ಲಿಗೆ ಕೈ ಹಾಕಿದ. ಮುಖ ಮುಚ್ಚಿಕೊಳ್ಳಲಿಲ್ಲ. ಎಲ್ಲರೂ ನೋಡುವಂತೆ ಅತ್ತ, ಮಾವ ಸತ್ತ ದಿನ ಅಳಬೇಕಾಗಿದ್ದಷ್ಟು ಅತ್ತ. ಸೌಭಾಗ್ಯ ಎದ್ದು ಪೇಟಿಯ ಒಂದು ಕಡೆ ಹಿಡಿದಳು. "ಏಳ್ರಿ, ಊಟಾ ಮಾಡಿ ಹೊತ್ತಿಗೆ ಮಲಗಬೇಕಂತ ಹೇಳ್ಯಾರಲ್ಲ" ಎಂದಳು. ಇಬ್ಬರೂ ಆಚೆ ಈಚೆ ಹಿಡಿದುಕೊಂಡು ಮನೆಗೆ ಹೋದರು.

ಟಂಟಂ ಖಾಲಿ ಬಂತು, ಅವತ್ತಿನ ನನ್ನ ಬಾಡಿಗೆ ಮುಳುಗಿತು. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೊರಟಾಗ ಸಂಗಪ್ಪ ಮುರಿಗೆವ್ವನ ಬಾಗಿಲಲ್ಲಿ ನಿಂತಿದ್ದ. "ಹೆಂಗದೀ ಬೇ ಆಯಿ?" ಎಂದ. "ಗಂಜಿ ಕುಡದೇನಿ" ಎಂದಳು ಒಳಗಿನಿಂದ. ನಾನು ಟಂಟಂ ನಿಲ್ಲಿಸಿ ಅವನ ಮುಖವನ್ನೇ ನೋಡಿದೆ. ಅರಳಲಿಲ್ಲ, ಬಾಡಲೂ ಇಲ್ಲ. ರಾತ್ರಿ ಮಲಗಿ ಎದ್ದ ಮನುಷ್ಯನ ಮುಖವಾಗಿತ್ತು.